ಅಜ್ಜಿ ಹೋದ್ಮೇಲೆ ಮನೇಲಿ ಎರಡು ಪಕ್ಷ, ಮಗಳಿಗೆ ಏನ್ ಹೇಳ್ಲಿ? ಅನುಭವ ಇರೋರು ಹೇಳಿ

ನಾವು ವಿರಾಜಪೇಟೆ ಕಡೆಯೋರು, ಕ್ಯಾಥೊಲಿಕ್. ಜುಲೈ ಮಳೇಲಿ ಅಜ್ಜಿ ತೀರ್ಕೊಂಡ್ರು. ಅವರ ಆತ್ಮಕ್ಕೋಸ್ಕರ ಚರ್ಚಲ್ಲಿ ಮೂವತ್ತನೇ ದಿನದ ಪೂಜೆ ಕೊಡ್ಲೇಬೇಕು ಅಂತಾರೆ ಅಪ್ಪ. ಚಿಕ್ಕಪ್ಪನ ಮಗ ಈಗ ಬೇರೆ ಪ್ರಾರ್ಥನಾ ಕೂಟಕ್ಕೆ ಹೋಗ್ತಾನೆ, ಸತ್ತೋರಿಗೆ ಪೂಜೆ ಮಾಡ್ಸೋದು ದಂಡ ಅಂತ ಏಳನೇ ದಿನದ ಊಟದ ಹೊತ್ತಲ್ಲೇ ಶುರು ಮಾಡ್ದ. ಅದು ಹೋಗ್ಲಿ, ನನ್ನ ಎಂಟು ವರ್ಷದ ಮಗಳಿಗೆ ಕಡೇ ತುತೂರಿ ಊದಿದಾಗ ನಂಬಿದೋರನ್ನ ಮೇಲಕ್ಕೆ ಎತ್ಕೊಂಡು ಹೋಗ್ತಾರೆ, ಉಳಿದೋರು ಇಲ್ಲೇ ಅಂತ ಹೇಳಿದಾನೆ. ಮೊನ್ನೆ ಅವಳು ಸ್ಕೂಲಿಂದ ಬಂದಾಗ ನಾನು ಹಿಂದೆ ಸೌದೆ ಕೊಟ್ಟಿಗೇಲಿದ್ದೆ, ಮನೇಲಿ ಯಾರೂ ಕಾಣ್ಲಿಲ್ಲ ಅಂತ ಬ್ಯಾಗೂ ಇಳಿಸ್ದೆ ಜಗಲೀಲಿ ನಿಂತು ಅಳ್ತಿದ್ಲು, ನನ್ನ ಬಿಟ್ಟು ಎಲ್ರೂ ಹೋದ್ರು ಅಂತ. ನಿಮ್ಮನೇಲಿ ಹೀಗಾಗಿದ್ರೆ ಏನ್ ಮಾಡಿದ್ರಿ?

ಸಿದ್ದಾಪುರದ ಆಂಟಿ:
ಅಜ್ಜಿ ಆತ್ಮಕ್ಕೆ ಶಾಂತಿ ಸಿಗ್ಲಿ ಮಗಾ. ನಮ್ಮ ಯಜಮಾನ್ರು ಹೋದಾಗ ಪೆಟ್ಟಿಗೆ ಇನ್ನೂ ಜಗಲೀಲಿತ್ತು, ನಾದಿನಿ ಗಂಡ ಪುರ್ಗತೋರ್ (ಸತ್ತೋರ ಆತ್ಮ ಸ್ವರ್ಗಕ್ಕೆ ಹೋಗೋ ಮುಂಚೆ ಶುದ್ಧ ಆಗೋ ಸ್ಥಿತಿ) ಬೈಬಲಲ್ಲಿ ಎಲ್ಲಿದೆ ತೋರ್ಸಿ ಅಂತ ಕೂತಿದ್ದ. ಅವತ್ತು ನಂಗೆ ಬಾಯೇ ಬರ್ಲಿಲ್ಲ. ಆಮೇಲೆ ಫಾದರ್ ಹತ್ರ ಹೋಗಿ ಕೇಳ್ದೆ. ಇಬ್ರ ಕೈಲಿರೋ ಬೈಬಲ್ಲೇ ಬೇರೆ ಅಂದ್ರು, ನಮ್ಮದ್ರಲ್ಲಿ 73 ಪುಸ್ತಕ, ಅವರದ್ರಲ್ಲಿ 66, ಸತ್ತ ಸೈನಿಕರ ಪಾಪಕ್ಕೋಸ್ಕರ ಯೆಹೂದ್ಯರ ಸೇನಾಪತಿ ಯೂದ ಕಾಣಿಕೆ ಕಳ್ಸಿದ ಕತೆ ಇರೋದು ಎರಡನೇ ಮಕ್ಕಾಬಿಯರ 12ನೇ ಅಧ್ಯಾಯದಲ್ಲಿ, ಆ ಪುಸ್ತಕನೇ ಅವರಲ್ಲಿಲ್ಲ, ಇನ್ನೆಲ್ಲಿ ತೋರ್ಸೋದು.

ನಾವು ಚಿಕ್ಕೋರಿದ್ದಾಗ ಪುರ್ಗತೋರ್ ಅಂದ್ರೆ ಬರೀ ಬೆಂಕಿ ಅಂತ ಹೆದರಿಸೋರು. 1563ರಲ್ಲಿ ನಮ್ಮ ಚರ್ಚಿನ ಬಿಷಪ್‌ಗಳು ಸೇರಿದ್ದ ಟ್ರೆಂಟ್ ಮಹಾಸಭೆ ತೀರ್ಮಾನ ಮಾಡಿದ್ದು ಇಷ್ಟೇ ಅಂತೆ, ಅಂಥದ್ದೊಂದಿದೆ, ಅಲ್ಲಿರೋ ಆತ್ಮಗಳಿಗೆ ನಮ್ಮ ಪ್ರಾರ್ಥನೆ, ಅದ್ರಲ್ಲೂ ಬಲಿಪೂಜೆ (ಚರ್ಚಲ್ಲಿ ಗುರುಗಳು ಅರ್ಪಿಸೋ ಪೂಜೆ), ನೆರವಾಗತ್ತೆ. ಮತ್ತೆ ಅಲ್ಲಿರೋರು ನರಕಕ್ಕೆ ಬೀಳಲ್ಲ, ಸ್ವರ್ಗ ಖಾತ್ರಿ ಆದೋರೇ ಅಲ್ಲಿರೋದು. ಇದು ಕೇಳಿದ್ಮೇಲೆ ನಂಗೆ ಆ ರಾತ್ರಿ ನಿದ್ದೆ ಬಂತು. ದುಡ್ಡಿನ ಮಾತಿಗೆ ಬಂದ್ರೆ, ಕಾಣಿಕೆ ಇಲ್ದಿದ್ರೂ ಗುರುಗಳು ಪೂಜೆ ಅರ್ಪಿಸ್ಬೇಕು, ಬಡವರಿಗಂತೂ ಅರ್ಪಿಸ್ಬೇಕು ಅಂತ ಚರ್ಚ್ ಕಾನೂನೇ ಒತ್ತಿ ಹೇಳತ್ತೆ, ಅದನ್ನ ನಿಮ್ಮ ತಮ್ಮನಿಗೆ ಹೇಳಿ, ಆದ್ರೆ ಊಟದ ಹೊತ್ತಲ್ಲಿ ಬೇಡ.

ನವೆಂಬರ್ 2ಕ್ಕೆ ಸಕಲ ಆತ್ಮರ ದಿನ ಮಗಳನ್ನ ಸಿಮೆಟ್ರಿಗೆ ಕರ್ಕೊಂಡು ಹೋಗಿ. ಕಳೆ ಕೀಳೋಕೆ ಹೇಳಿ, ಮೇಣದಬತ್ತಿ ಅವಳ ಕೈಲೇ ಹಚ್ಚಿಸಿ. ಕೊಡೆ ಮರೀಬೇಡಿ, ನಮ್ಮ ಮಳೆ ನಂಬೋ ಹಾಗಿಲ್ಲ.

ಮಡಿಕೇರಿ ಮಂಜು:
ನಾವು ಸಿಎಸ್‌ಐ (ಪ್ರಾಟೆಸ್ಟಂಟ್ ಚರ್ಚು), ಜರ್ಮನ್ ಮಿಷನರಿ ಮೋಗ್ಲಿಂಗ್ ಸಾಹೇಬ್ರು 1853ರಲ್ಲಿ ಕೊಡಗಿಗೆ ಬಂದ್ರಲ್ಲ, ಆ ಕಡೆ ಬೇರು. ನಿಮ್ಮ ತಮ್ಮ ಹೇಳೋದ್ರಲ್ಲಿ ಅರ್ಧ ನಮ್ಮದೂ ಹೌದು, ನಮ್ಮಲ್ಲೂ ಪುರ್ಗತೋರ್ ಇಲ್ಲ. ಶಿಲುಬೆ ಮೇಲಿದ್ದ ಕಳ್ಳನಿಗೆ ಯೇಸು ಇವತ್ತೇ ನನ್ ಜೊತೆ ಪರದೈಸಲ್ಲಿರ್ತೀಯ ಅಂದ್ರು (ಲೂಕ 23), ಮೂವತ್ತು ದಿನ ಬಿಟ್ಟು ಬಾ ಅನ್ಲಿಲ್ಲ ಅಂತ ನಮ್ಮಪ್ಪ ತಮಾಷೆ ಮಾಡೋರು. ಆದ್ರೂ ವರ್ಷಕ್ಕೊಂದ್ಸಲ ಸ್ಮರಣೆ ಕೂಟ ನಾವೂ ಇಡ್ತೀವಿ, ಅವರಿಗಾಗಿ ಏನೂ ಕೇಳಲ್ಲ, ಅವರಿದ್ದಿದ್ದಕ್ಕೆ ಥ್ಯಾಂಕ್ಸ್ ಹೇಳ್ತೀವಿ. ಹೆಂಡ್ತಿ ಕ್ಯಾಥೊಲಿಕ್, ಅತ್ತೆಯವರ ಪೂಜೆಗೆ ಹೋಗಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಕೊಂಡೆ, ಏನೂ ಕಳ್ಕೊಳ್ಲಿಲ್ಲ.

ರೋಬಸ್ಟಾ:
ವಿಷಯ ಸ್ವಲ್ಪ ಬೇರೆ. ನಮ್ಮ ದೊಡ್ಡಪ್ಪ ಹೋದಾಗ ಗುಂಡಿ ತೋಡಿದಷ್ಟೂ ನೀರು, ಬಕೆಟಲ್ಲಿ ಎತ್ತಿ ಹಾಕಿದ್ವಿ. ಸುಡೋಣ ಅಂದಿದ್ದಕ್ಕೆ ಎಲ್ರೂ ಪಾಪ ಪಾಪ ಅಂದ್ರು. ಕ್ಯಾಥೊಲಿಕ್ ಚರ್ಚ್ 1963ರಲ್ಲೇ ಅದಕ್ಕೆ ಒಪ್ಪಿದೆ, ಬೂದಿನ ಮನೇಲಿ ಇಟ್ಕೋಬಾರ್ದು, ಹೊಳೆಗೆ ಬಿಡ್ಬಾರ್ದು ಅಂತ 2016ರಲ್ಲಿ ಹೇಳಿದಾರೆ ಅಷ್ಟೇ. ಅಂದ್ರೆ ಕಾವೇರಿಗೆ ಬಿಡೋ ಪ್ಲಾನ್ ಇದ್ರೆ ಆಗಲ್ಲ.

ಸೋಮವಾರಪೇಟೆ ಹುಡುಗ:
ಅಕ್ಕಾ ನಿಮ್ಮ ಮಗಳ ಕತೆ ಓದಿ ಕೈ ತಣ್ಣಗಾಯ್ತು, ಆ ಜಗಲೀಲಿ ನಾನೂ ನಿಂತಿದ್ದೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಮುಕ್ಕೊಡ್ಲು ಕಡೆ ಗುಡ್ಡ ಕುಸಿದಾಗ ನಂಗೆ ಹನ್ನೊಂದು ವರ್ಷ, ನಮ್ಮ ಕೂಟದಲ್ಲಿ ದಿನಾ ಬೈಬಲಿನ ಮತ್ತಾಯ 24ನೇ ಅಧ್ಯಾಯ ಓದಿ ಇದೇ ಕಡೇ ಕಾಲ ಅಂತಿದ್ರು, ಹೊರಗೆ ಮಳೆ ಬೇರೆ ನಿಲ್ತಾನೇ ಇರ್ಲಿಲ್ಲ. ರಾತ್ರಿ ಎದ್ದು ಅಮ್ಮ ಉಸಿರಾಡೋದು ಕೇಳ್ಸತ್ತಾ ಅಂತ ಕಿವಿ ಕೊಡ್ತಿದ್ದೆ. ಕೇಳಿಸ್ಲಿಲ್ಲಾಂದ್ರೆ ಸತ್ತೋದ್ರು ಅಂತಲ್ಲ ಭಯ, ಎತ್ಕೊಂಡು ಹೋದ್ರು ಅಂತ.

ದೊಡ್ಡೋನಾದ್ಮೇಲೆ ನಾನೇ ಓದ್ದೆ. ಅದೇ ಅಧ್ಯಾಯದ 36ನೇ ವಚನದಲ್ಲಿ ಆ ದಿನ ದೇವದೂತರಿಗೂ ಗೊತ್ತಿಲ್ಲ ಅಂತ ಇದೆ, ಅದನ್ನ ನಮಗ್ಯಾರೂ ಬಿಡಿಸಿ ಹೇಳ್ಲಿಲ್ಲ. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂತ ಡೇಟೇ ಕೊಟ್ಟ, ಏನೂ ಆಗ್ದೆ ಅಕ್ಟೋಬರ್ 21ಕ್ಕೆ ಮುಂದಕ್ಕೆ ಹಾಕ್ದ, ಅದೂ ಹೋಯ್ತು. ಮೊದ್ಲು ನಂಬಿದೋರನ್ನ ಗುಟ್ಟಾಗಿ ಎತ್ತೋದು, ಆಮೇಲೆ ಉಳಿದೋರಿಗೆ ಏಳು ವರ್ಷ ಸಂಕಟ ಅನ್ನೋ ಲೆಕ್ಕ ಹಬ್ಬಿದ್ದು ಡಾರ್ಬಿ ಅನ್ನೋ ಬೋಧಕರಿಂದ, 1830ರಿಂದ ಈಚೆಗೆ. ನಿಮ್ಮ ವಿರಾಜಪೇಟೆ ಸಂತ ಅನ್ನಮ್ಮ ಚರ್ಚು 1792ರದ್ದು, ಅದಕ್ಕಿಂತ ಹಳೇದು ಅಕ್ಕಾ!

ಮಗಳಿಗೆ ಹೇಳೋಕೆ ಒಂದು ಮಾತಿದೆ ನೋಡಿ. ತುತೂರಿ, ಮೋಡ ಎಲ್ಲ ಬರೋದು ಬೈಬಲಲ್ಲಿರೋ ಪೌಲನ ಪತ್ರ, ಮೊದಲನೇ ಥೆಸಲೋನಿಕದ 4ನೇ ಅಧ್ಯಾಯದಲ್ಲಿ. ಪೌಲ ಅದನ್ನ ಬರೆದಿದ್ದು ಹೆದರ್ಸೋಕಲ್ಲ, ಮನೇಲಿ ಸಾವಾಗಿ ನಮ್ಮೋರು ಹಿಂದೆ ಉಳಿದುಬಿಡ್ತಾರಾ ಅಂತ ಅಳ್ತಿದ್ದೋರಿಗೆ. ಇಲ್ಲ, ಸತ್ತೋರೇ ಮೊದ್ಲು ಏಳ್ತಾರೆ ಅಂತಾನೆ. ಅಂದ್ರೆ ಕ್ಯೂನಲ್ಲಿ ನಿಮ್ಮಜ್ಜಿನೇ ಮುಂದೆ, ನಾವೆಲ್ಲ ಅವರ ಹಿಂದೆ. ನಿಮ್ಮ ತಮ್ಮನೂ ಇದನ್ನ ಇಲ್ಲ ಅನ್ನೋಕಾಗಲ್ಲ.

ಆದ್ರೆ ನಂಗೆ ವಚನಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ಅಮ್ಮನ ಗಂಬೂಟು. ಮನೇಲಿ ನಾನು ಕಾಣ್ದೇ ಇದ್ರೆ ಬಾಗ್ಲತ್ರ ಬೂಟ್ ಇದೆಯಾ ನೋಡು, ಇಲ್ಲಾಂದ್ರೆ ತೋಟದಲ್ಲಿರ್ತೀನಿ, ಸ್ವರ್ಗಕ್ಕೆ ಯಾರೂ ಗಂಬೂಟ್ ಹಾಕ್ಕೊಂಡು ಹೋಗಲ್ಲ ಅಂದಿದ್ರು.

ಕೇಳಿದವಳು:
ಎಲ್ರಿಗೂ ಥ್ಯಾಂಕ್ಸ್. ನೆನ್ನೆ ಸ್ಕೂಲಿಂದ ಬಂದೋಳು ಬೂಟ್ ಇಲ್ಲದ್ದು ನೋಡಿ ತೋಟದ ಕಡೆ ಮುಖ ಮಾಡಿ ಕೂಗಿದ್ಲು, ಅಳ್ಲಿಲ್ಲ. ಅಜ್ಜಿ ಕ್ಯೂನಲ್ಲಿ ಫಸ್ಟಾ ಅಂತ ಎರಡೆರಡು ಸಲ ಕೇಳಿದ್ಲು. ಪೂಜೆ ಶನಿವಾರ ಬೆಳಗ್ಗೆ. ತಮ್ಮ ಚರ್ಚೊಳಗೆ ಬರಲ್ವಂತೆ, ಊಟಕ್ಕೆ ಬರ್ತಾನಂತೆ, ಹಂದಿ ಮಾಂಸ ಅವನೇ ತರ್ತಾನಂತೆ.