ಫತೋರ್ಡಾದಾಗ ಎರಡು ಗೋಲಿನ ಸಾಲ ತೀರಿಸಾಕ ಆಗ್ತೈತೇನ್ರಿ?

ಬೈನಾ_ಹುಡುಗ (ಏಪ್ರಿಲ್ 3, 2025)

ನಿನ್ನೆ ಕಂಠೀರವದಾಗ ಆಗಿದ್ದು ಇನ್ನೂ ತಲಿಯಿಂದ ಹೋಗವಲ್ದು, ರಾತ್ರಿ ನಿದ್ದಿನೂ ಇಲ್ಲ. ಐಎಸ್‌ಎಲ್ ಫುಟ್‌ಬಾಲ್ ಸೆಮಿಫೈನಲ್ ಫಸ್ಟ್ ಲೆಗ್‌ನ್ಯಾಗ ನಮ್ಮ ಎಫ್‌ಸಿ ಗೋವಾ ಬೆಂಗಳೂರು ಎಫ್‌ಸಿ ಕೈಯಾಗ 2-0 ಸೋತ್ವಿ. ಮೊದಲ್ನೇದು 42ನೇ ನಿಮಿಷದಾಗ ನಮ್ಮ ಸಂದೇಶ್ ಝಿಂಗನ್ ಸೆಲ್ಫ್ ಗೋಲ್, ಹಾಫ್ ಟೈಮ್ ಮುಗಿದು ಚಾ ಕಪ್ಪು ಇನ್ನೂ ಕೆಳಗ ಇಟ್ಟಿಲ್ಲ, 51ಕ್ಕ ಎಡ್ಗರ್ ಮೆಂಡೆಜ್ ಇನ್ನೊಂದು ಹೊಡ್ದ. ಆಮ್ಯಾಲ ಎಷ್ಟು ಬಡ್ಕೊಂಡ್ರೂ ಒಂದು ಗೋಲ್ ತಿರುಗಿ ಬರ್ಲಿಲ್ಲ.

ಈಗ ಭಾನುವಾರ ಸೆಕೆಂಡ್ ಲೆಗ್ ಮಡಗಾಂವದ ನಮ್ಮ ಫತೋರ್ಡಾ ಸ್ಟೇಡಿಯಂನಾಗ, ಎರಡೂ ಮ್ಯಾಚಿನ ಗೋಲ್ ಕೂಡಿಸಿ ಮುಂದಿದ್ದವರು ಫೈನಲ್‌ಗೆ. ಲೀಗ್‌ನ್ಯಾಗ ನಮಗ 48 ಪಾಯಿಂಟ್, ಬೆಂಗಳೂರಿಗೆ 38, ಹತ್ತು ಪಾಯಿಂಟ್ ಮುಂದಿದ್ದ ಟೀಮ್ ನಮ್ದು. ಹೋದ ನವೆಂಬರ್‌ನ್ಯಾಗ ಇದೇ ಟೀಮಿಗೆ ಇದೇ ಗ್ರೌಂಡಿನಾಗ 3-0 ಹೊಡ್ದೀವಿ, ಈಗ ಬೇಕಾಗಿದ್ದೂ ಅದೇ ಸ್ಕೋರ್. ಆದ್ರ ಲೀಗ್ ಮ್ಯಾಚ್ ಬ್ಯಾರೆ, ತಲಿ ಮ್ಯಾಲ ಎರಡು ಗೋಲಿನ ಸಾಲ ಹೊತ್ಕೊಂಡು ಆಡೋದು ಬ್ಯಾರೆ.

ನಾ ಹುಟ್ಟಿ ಬೆಳದದ್ದು ವಾಸ್ಕೋದಾಗ, ಅಪ್ಪ ರೋಣದ ಕಡೆಯಾಂವ, ಬಂದರದಾಗ ಲೋಡಿಂಗ್ ಕೆಲಸಕ್ಕ ಬಂದು ಇಲ್ಲೇ ನಿಂತ. ಅವರನ್ನ ಕರ್ಕೊಂಡು ಹೋಗ್ಬೇಕಂತ ಎರಡು ಟಿಕೆಟ್ ತಗೊಂಡೀನಿ. ಖರೇ ಹೇಳ್ರಿ, ಚಾನ್ಸ್ ಎಷ್ಟು ಐತಿ? ಮೊದಲ್ನೇ ನಿಮಿಷದಿಂದನ ಮುಗಿಬಿದ್ದು ಆಡಬೇಕಾ, ಇಲ್ಲಾ ತಾಳ್ಮಿಯಿಂದ ಹೋಗ್ಬೇಕಾ? ಗೋವಾದಾಗ ಇರೋ ನಮ್ಮ ಮಂದಿ ಯಾರ್ ಯಾರು ಬರಾಕತ್ತೀರಿ?

ಕಾಳಿ_ತೀರ

ನಾನು ಕಾರವಾರದವನು, ಕೆಲಸ ಮಡಗಾಂವಲ್ಲಿ, ಸ್ಟೇಡಿಯಂ ನನ್ನ ರೂಮಿಂದ ನಡ್ಕೊಂಡು ಹೋಗೋ ದೂರ, ಹಾಗಾಗಿ ಅಲ್ಲಿನ ಒಳ್ಳೇದು ಕೆಟ್ಟದ್ದು ಎರಡನ್ನೂ ಕಣ್ಣಾರೆ ನೋಡಿದ್ದೇನೆ. ನೀವು ಕೇಳಿದ್ದಕ್ಕೆ ಉತ್ತರ 2020ರ ಮಾರ್ಚ್ 7ರ ರಾತ್ರಿಯಲ್ಲಿದೆ. ಸೆಮಿಫೈನಲ್ ಫಸ್ಟ್ ಲೆಗ್ಗಲ್ಲಿ ಚೆನ್ನೈಯಿನ್ ಕೈಲಿ ಚೆನ್ನೈಲಿ 4-1 ಸೋತು ಬಂದಿದ್ವಿ, ಅಂದ್ರೆ ಮೂರು ಗೋಲಿನ ಸಾಲ, ಈಗಿಂದಕ್ಕಿಂತ ಜಾಸ್ತಿ. ಹತ್ತನೇ ನಿಮಿಷಕ್ಕೆ ಅವರದ್ದೇ ಸೆಲ್ಫ್ ಗೋಲ್, 21ಕ್ಕೆ ಮುರ್ತಾದಾ ಫಾಲ್ ಹೊಡೆದ, 2-0. ನನ್ನ ಪಕ್ಕ ಒಬ್ರು ವಯಸ್ಸಾದ ಹೆಂಗಸು ಕೂತಿದ್ರು, ಕಿತ್ತಳೆ ಜರ್ಸಿ ಮೇಲೆ ಕೊರಳಲ್ಲಿ ಕ್ರಾಸು, ಕೈಲಿ ಜಪಮಾಲೆ, ಪ್ರತಿ ಕಾರ್ನರಿಗೂ ಒಂದೊಂದು ಮಣಿ ಜರುಗಿಸ್ತಾ ಇದ್ರು, ಗೋಲ್ ಆದಾಗ ಮಾಲೆ ಸಮೇತ ನನ್ನ ತೋಳು ಹಿಡ್ದು ಅಲ್ಲಾಡಿಸಿಬಿಟ್ರು, ಮಣಿ ಒತ್ತಿದ ಗುರುತು ಮನೆಗೆ ಹೋಗಿ ನೋಡಿದ್ರೂ ಇತ್ತು.

ಆಮೇಲೆ ಆಗಿದ್ದೇ ಅಸಲಿ ವಿಷಯ. ಎಲ್ರೂ ಮುಂದೆ ಹೋದ್ರು, ಹಿಂದೆ ಬಯಲು. 52ಕ್ಕೆ ಚಾಂಗ್ಟೆ, 59ಕ್ಕೆ ವಾಲ್ಸ್ಕಿಸ್, 2-2. ಅಷ್ಟಾದ್ರೂ ಕೊನೆಗೆ ಬೇಡಿಯಾ ಒಂದು, ಫಾಲ್ ಇನ್ನೊಂದು ಹೊಡೆದು 4-2 ಮಾಡಿದ್ರು. ಒಟ್ಟು 6-5. ಒಂದೇ ಒಂದು ಗೋಲಿಗೆ ಹೋಯ್ತು. ಆ ದಿನ ನಾಲ್ಕು ಗೋಲ್ ಹೊಡಿಯೋ ತಾಕತ್ತು ನಮ್ಗಿತ್ತು, ಎರಡು ತಡೆಯೋ ಗಮನ ಇರ್ಲಿಲ್ಲ.

ಹೋದ ವರ್ಷ ಮುಂಬೈ ಸಿಟಿ ಮೇಲೆ ಸೆಮಿ ಫಸ್ಟ್ ಲೆಗ್ಗಲ್ಲೂ ಅದೇ ಕತೆ, 90ನೇ ನಿಮಿಷದವರೆಗೆ 2-0 ಇದ್ವಿ, ಜನ ಆಗ್ಲೇ ಗೇಟ್ ಕಡೆ ಹೊರಟಿದ್ರು ಟ್ರಾಫಿಕ್ ತಪ್ಪಿಸ್ಬೇಕು ಅಂತ, ಕಣ್ಣು ಮಿಟುಕಿಸೋದ್ರೊಳಗೆ ಮೂರು ಗೋಲ್ ಬಿಟ್ಟು 3-2 ಸೋತ್ವಿ. ಹಾಗಾಗಿ ಭಾನುವಾರ ಎರಡು ಗೋಲ್ ಹೊಡಿತೀವಾ ಅನ್ನೋ ಭಯ ನನಗಿಲ್ಲ, ಹೊಡಿತೀವಿ. ಕೊನೇ ಹತ್ತು ನಿಮಿಷ ಬಾಗಿಲು ಹಾಕ್ಕೊಂಡು ಇರ್ತೀವಾ ಅನ್ನೋದೇ ಭಯ.

ಜಯನಗರ_ಟು_ಪಣಜಿ

ನಾನು ಬೆಂಗಳೂರು ಫ್ಯಾನು, ಮೊದಲೇ ಹೇಳ್ಬಿಡ್ತೀನಿ. ಪಣಜೀಲಿ ಕೆಲಸ, ಭಾನುವಾರ ನೀಲಿ ಜರ್ಸಿ ಹಾಕ್ಕೊಂಡು ಅವೇ ಸ್ಟ್ಯಾಂಡಲ್ಲಿ ಇರ್ತೀನಿ. ಫೈನಲ್‌ಗೆ ನಾವೇ ಹೋಗೋದು ಅಂತ ನಂಬಿದೀನಿ, ಯಾಕೆ ಅಂದ್ರೆ ಗೋವಾ ಟೀಮ್ ಬಾಲ್ ಇಟ್ಕೊಂಡು ಆಡುತ್ತೆ, ನಾವು ಜಾಗ ಸಿಕ್ಕಾಗ ಓಡ್ತೀವಿ, ಎರಡು ಗೋಲ್ ಬೇಕು ಅಂತ ನೀವು ಮೇಲೆ ಬಂದಷ್ಟೂ ರಯಾನ್ ವಿಲಿಯಮ್ಸ್‌ಗೂ ಮೆಂಡೆಜ್‌ಗೂ ರೋಡ್ ಖಾಲಿ. ಮುಂಬೈ ಸಿಟಿನ ನಾಕ್‌ಔಟಲ್ಲಿ 5-0 ಹೊಡ್ದು ಬಂದಿರೋ ಟೀಮ್ ಇದು. ಹಿಂದೆ ಗೋಲ್‌ಕೀಪರ್ ಗುರ್‌ಪ್ರೀತ್ ಇದಾನೆ. ಮತ್ತೆ ಸುನಿಲ್ ಛೆಟ್ರಿ, 40 ವರ್ಷ, ಈ ಸೀಸನ್ನಲ್ಲೂ ಎರಡಂಕಿ ಗೋಲ್. ಅವರು ಗ್ರೌಂಡಲ್ಲಿ ಇರೋವರೆಗೂ ಯಾವ ಮ್ಯಾಚೂ ಮುಗಿದಿಲ್ಲ ಅಂತಾನೇ ಲೆಕ್ಕ.

2019ರ ಮಾರ್ಚ್ 17, ಮುಂಬೈಲಿ ನಿಮ್ಮ ಗೋವಾ ಮೇಲೇ ಆಡಿದ ಫೈನಲ್ ನೆನಪಿದ್ಯಾ? 116 ನಿಮಿಷ 0-0, 117ಕ್ಕೆ ಕಾರ್ನರ್ ಬಂತು, ರಾಹುಲ್ ಭೇಕೆ ಹೆಡರ್, ಕಪ್ ನಮ್ದು. ಆ ಭೇಕೆ ನಡುವೆ ಮುಂಬೈ ಸಿಟಿಗೆ ಹೋಗಿದ್ದ, ಈಗ ವಾಪಸ್ ನಮ್ಮ ಜೊತೆ ಇದಾನೆ. ಅವತ್ತು ನಮ್ಮ ಕಡೆ ಓಡ್ತಿದ್ದ ಉದಾಂತ ಸಿಂಗ್ ಈಗ ನಿಮ್ಮ ಕಡೆ, ಅದೊಂದು ನನಗೆ ಹೊಟ್ಟೆ ಉರಿಯೋ ವಿಷಯ.

ಒಂದು ಮಾತ್ರ ಒಪ್ಕೊತೀನಿ. ನಮ್ ಹುಡುಗ್ರಿಗೆ ಮಾರ್ಚ್ 29, ಏಪ್ರಿಲ್ 2, ಏಪ್ರಿಲ್ 6, ಒಂಬತ್ತು ದಿನದಲ್ಲಿ ಮೂರು ಮ್ಯಾಚು, ಅದೂ ಏಪ್ರಿಲ್ ತಿಂಗಳ ಈ ಗೋವಾ ಸೆಕೆಲಿ. 70ನೇ ನಿಮಿಷ ಆದ್ಮೇಲೆ ಕಾಲು ಎಳಿಯುತ್ತೆ. ನೀವೇನಾದ್ರೂ ಮಾಡೋದಿದ್ರೆ ಆಗ್ಲೇ.

ಪುಣೆ_ಪಾಸ್

ಕೋಥ್ರೂಡ್‌ನಿಂದ ಟಿವೀಲಿ ನೋಡ್ತೀನಿ, ಬರೋಕಾಗಲ್ಲ. ಒಂದು ಡೌಟು, ಬೆಂಗಳೂರು ಫತೋರ್ಡಾದಲ್ಲಿ ಒಂದು ಹೊಡೆದ್ರೆ ಅದು ಡಬಲ್ ಲೆಕ್ಕಾನಾ?

ಕಾಳಿ_ತೀರ

ಇಲ್ಲ, ಅವೇ ಗೋಲ್ ರೂಲ್ ಈಗಿಲ್ಲ. ನಾವು 2-0 ಗೆದ್ರೆ ಎಕ್ಸ್‌ಟ್ರಾ ಟೈಮ್, ಆಮೇಲೆ ಪೆನಾಲ್ಟಿ. 3-0 ಆದ್ರೆ ಸೀದಾ ಫೈನಲ್. ಅವರು ಒಂದು ಹೊಡೆದ್ರೆ ನಮಗೆ ಮೂರು ಬೇಕು, ಅದೂ ಎಕ್ಸ್‌ಟ್ರಾ ಟೈಮ್‌ಗೆ ಹೋಗೋಕಷ್ಟೇ.

ಗದ್ದೆ_ಕೋಚ್

ಝುವಾರಿನಗರದಾಗ ಸಂಜಿಕಿ ಹುಡುಗ್ರಿಗೆ ಫುಟ್‌ಬಾಲ್ ಕಲಿಸ್ತೀನಿ, ಹೆಚ್ಚಿನ ಹುಡುಗ್ರು ಬಾಗಲಕೋಟಿ, ಗದಗ, ಹಾವೇರಿ ಕಡೆಯವರ ಮಕ್ಕಳು. ನಿನ್ನೆ ಸೋತ ಮ್ಯಾಲ ಇವತ್ತು ಯಾರೂ ಬರೂದಿಲ್ಲ ಅನ್ಕೊಂಡಿದ್ದೆ, ಎಲ್ಲಾರೂ ಬಂದಿದ್ರು. ಒಬ್ಬ ಸಣ್ಣಾಂವ, ಹತ್ತು ವರ್ಷ ಇರಬೇಕು, ಬಿಳಿ ಬನಿಯನ್ ಬೆನ್ನಿನ ಮ್ಯಾಲ ಸ್ಕೆಚ್ ಪೆನ್ನಿನಿಂದ ನಮ್ಮ ಟೀಮಿನ ಬ್ರೈಸನ್ ಹೆಸರು ಬರ್ಕೊಂಡಾನ, ಕನ್ನಡದಾಗ, ಬೆವತು ಬೆವತು ಅಕ್ಷರ ಹರ್ಕೊಂಡು ಬೆನ್ನೆಲ್ಲಾ ನೀಲಿ ಆಗಿತ್ತು, "ಸರ್ ಭಾನುವಾರ ಬ್ರೈಸನ್ ಹೊಡೀತಾನಲ್ರಿ" ಅಂತ ನಾಕ್ ಸಲ ಕೇಳಿದ. ಹೂಂ ಅಂದೆ.

ಆಟದ ಮಾತಿಗೆ ಬರ್ತೀನಿ. ಮೊದಲ್ನೇ ಇಪ್ಪತ್ತು ನಿಮಿಷದಾಗ ಗೋಲ್ ಬರ್ಲಿಲ್ಲಂತ ಸ್ಟ್ಯಾಂಡಿನಾಗ ಕುಂತವರು ಗದ್ದಲ ಮಾಡಿದ್ರ ಆಟಗಾರರಿಗೆ ಅವಸರ ಹತ್ತತೈತಿ, ಆಗ ಉದ್ದುದ್ದ ಬಾಲ್ ಒದಿಯಾಕ ಶುರು ಮಾಡ್ತಾರ, ಅದು ಗುರ್‌ಪ್ರೀತ್ ಕೈಗೆ ಊಟ ಕೊಟ್ಟಂಗ. ನಮ್ಮ ಕೋಚ್ ಮನೋಲೋ ಮಾರ್ಕೆಜ್ ಟೀಮು ನೆಲದ ಮ್ಯಾಲ ಆಡಿದಾಗ ಛಲೋ. ಬೋರ್ಹಾ ಹೆರೇರಾ ಎಡಗಾಲಿಗೆ ಬಾಕ್ಸಿನ ಹೊರಗ ಬಾಲ್ ಸಿಗಬೇಕು, ಆಂವ ದೂರದಿಂದ ಹೊಡಿಯಾಂವ, ಡಿಫೆನ್ಸ್ ಕೆಳಗ ಇಳದು ಕುಂತಾಗ ಅಂಥವನ ಬೇಕು. ಮತ್ತ ಎರಡೂ ಬದಿಯ ಡಿಫೆಂಡರ್ ಬೋರಿಸ್, ಆಕಾಶ್ ಸಾಂಗ್ವಾನ್ ಇಬ್ರೂ ಒಮ್ಮೆಗೇ ಮ್ಯಾಲ ಹೋಗಬಾರ್ದು, ಒಬ್ಬ ಏರಿದ್ರ ಒಬ್ಬ ನಿಂದ್ರಬೇಕು. ಕಾಳಿ_ತೀರ ಅವರು ಹೇಳಿದ 2020ರ ಗೋಲುಗಳು ಇದಕ್ಕ ಬಂದದ್ದು. ಹಾಫ್ ಟೈಮಿಗೆ 0-0 ಇದ್ರೂ ಹೆದ್ರಬ್ಯಾಡ್ರಿ, 45 ನಿಮಿಷದಾಗ ಎರಡು ಗೋಲ್ ದೊಡ್ಡ ಮಾತಲ್ಲ, ಬೆಂಗಳೂರಿನವರು ದಣಿಯೋದೂ ಆಗ್ಲೇ. ಒಂದು ಹೊಡದ್ರ ಸಾಕು, ಆಮ್ಯಾಲ ಆ ಗ್ರೌಂಡಿನ ಸದ್ದೇ ಉಳಿದದ್ದನ್ನ ನೋಡ್ಕೊಂತೈತಿ.

ನನ್ನ ಲೆಕ್ಕಕ್ಕ ಗೆಲ್ಲೋ ಚಾನ್ಸ್ ಹತ್ತರಾಗ ನಾಕು. ಮನಸ್ಸು ಹೆಚ್ಚು ಹೇಳ್ತೈತಿ, ಆದ್ರ ನೋಡಿದ್ದನ್ನ ಹೇಳಬೇಕಲ್ಲ.

ಬೈನಾ_ಹುಡುಗ

ಎಲ್ಲಾರಿಗೂ ಥ್ಯಾಂಕ್ಸ್ ರೀ. ಕೊನೇ ಹತ್ತು ನಿಮಿಷದ ಮಾತು ಓದಿ ಎದಿ ಧಸಕ್ಕಂತು, ಯಾಕಂದ್ರ 2015ರ ಫೈನಲ್‌ಗೆ ಇದೇ ಫತೋರ್ಡಾಕ್ಕ ಅಪ್ಪನ ಜೋಡಿ ಹೋಗಿದ್ದೆ. ಜೋಫ್ರೆ 87ಕ್ಕ ಹೊಡದು 2-1 ಮಾಡಿದಾಗ ಅಪ್ಪ ಹೆಗಲ ಮ್ಯಾಲಿನ ಟವೆಲ್ ತಗದು ಬೀಸಾಕತ್ತಿದ್ದ. ಅದನ್ನ ವಾಪಸ್ ಹೆಗಲಿಗೆ ಹಾಕ್ಕೊಳ್ಳೋದ್ರಾಗ 90ಕ್ಕ ಬಾಲ್ ನಮ್ಮ ಕೀಪರ್ ಕಟ್ಟಿಮನಿಗೆ ತಾಗಿ ಒಳಗ ಹೋತು, ಇನ್ನೆರಡು ನಿಮಿಷಕ್ಕ ಮೆಂಡೋಜಾ ಹೊಡದ, ಚೆನ್ನೈಯಿನ್ 3-2. ಕಟ್ಟಿಮನಿ ಅನ್ನೋ ಹೆಸರು ನಮ್ಮ ಕಡೇದ ಹೆಸರಂತ ಅಪ್ಪಗ ಆಂವ ಅಂದ್ರ ಜೀವ, ಬಸ್ಸಿನಾಗ ವಾಸ್ಕೋ ಮುಟ್ಟೋತನ ಒಂದೇ ಮಾತು, "ಹುಡುಗನ ತಪ್ಪಲ್ಲೋ ಅದು." ಅವತ್ತಿನಿಂದ ಅಪ್ಪ ಸ್ಟೇಡಿಯಂ ಕಡೆ ಬಂದಿಲ್ಲ, ಹತ್ತು ವರ್ಷ ಆಗ್ತಾ ಬಂತು. ಈ ಸಲ ಬಾ ಅಂದಾಗ ಏನೂ ಅನ್ನಲಿಲ್ಲ, ಟಿಕೆಟ್ ತಗೊಂಡು ದೇವರ ಫೋಟೋ ಹಿಂದ ಸಿಗಿಸಿಟ್ಟಾನ.

ಇನ್ನೊಂದು. ಕನ್ನಡದವನಾಗಿ ಬೆಂಗಳೂರಿಗೆ ಯಾಕ ಸಪೋರ್ಟ್ ಮಾಡಲ್ಲ ಅಂತ ಕೆಲಸದ ಕಡೆ ಕೇಳ್ತಾರ. ನಾ ಬಾಲ್ ಒದಿಯಾಕ ಕಲ್ತದ್ದು ಬೈನಾ ಮರಳಿನಾಗ, ಮೊದಲ್ನೇ ಮ್ಯಾಚ್ ನೋಡಿದ್ದು ತಿಲಕ್ ಮೈದಾನದ ಗೋಡಿ ಹತ್ತಿ. ಮಾತು ಕನ್ನಡ, ಟೀಮ್ ಗೋವಾ, ನನ್ನೊಳಗ ಇವೆರಡೂ ಎಂದೂ ಜಗಳ ಆಡಿಲ್ಲ. ಜಯನಗರದ ಅಣ್ಣಾ, ನೀವು ನೀಲಿ ಹಾಕ್ಕೊಂಡು ಬರ್ರಿ, ಮ್ಯಾಚಿನ ಮೊದಲು ಸಿಗೂಣು.

ಭಾನುವಾರ ರಾಮನವಮಿ, ಅವ್ವ ಪಾನಕ ಕೋಸಂಬರಿ ಕಟ್ಟಿ ಕೊಡ್ತಾಳ. ಒಳಗ ಬಿಡಂಗಿಲ್ಲ, ಅದಕ್ಕ 6 ಗಂಟೆಗೆ ಸ್ಟೇಡಿಯಂ ಹೊರಗ ರೋಸ್ (ಗ್ರೇವಿ ಹಾಕಿದ) ಆಮ್ಲೆಟ್ ಗಾಡಿ ಹತ್ರ ನಿಂತಿರ್ತೀವಿ, ಅಪ್ಪನ ಹೆಗಲ ಮ್ಯಾಲ ಕೆಂಪು ಅಂಚಿನ ಟವೆಲ್ ಇರ್ತೈತಿ, ಗುರ್ತು ಸಿಗ್ತೈತಿ. ಮ್ಯಾಚ್ ಮುಗಿಯೋದ್ರಾಗ ಬಸ್ ಇರಂಗಿಲ್ಲ, ಬೈಕ್ ಮ್ಯಾಲನ ಬರ್ತೀವಿ. ಕೋಚ್ ಸರ್, ನಿಮ್ಮ ಬ್ರೈಸನ್‌ಗೆ ಟಿಕೆಟ್ ಸಿಕ್ಕಿಲ್ಲಂದ್ರ ಹೇಳ್ರಿ, ನೋಡೂಣು.