ಕಾಲೇಜಿನ ಮಹಿಳಾ ಕೇಂದ್ರ ಶುರುವಾದ ವರ್ಷ: ಮೂರು ಕಡೆ ಮೂರು ಥರ ಇದೆ, ಯಾವುದು ಸರಿ?

ಪ್ರಶ್ನೆ – ಹಳೆಹಾಳೆ
ಅಮೆರಿಕದ ಒಂದು ಕಾಲೇಜಿನ ಮಹಿಳಾ ಕೇಂದ್ರದ ಚರಿತ್ರೆ ಬರೆಯಬೇಕಿದೆ. ವಿದ್ಯಾರ್ಥಿ ಪತ್ರಿಕೆ 1971 ಅನ್ನುತ್ತದೆ, ಕೇಂದ್ರದ ಕರಪತ್ರ 1972, ಆಡಳಿತದ ವಾರ್ಷಿಕ ವರದಿ 1974. ಯಾವುದನ್ನು ಹಿಡಿಯಲಿ? ಟೈಟಲ್ ನೈನ್ ಕಾಯ್ದೆ (ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಅಲ್ಲಿನ ಕಾನೂನು) ಬಂದದ್ದರಿಂದಲೇ ಇಂಥ ಕೇಂದ್ರಗಳು ಹುಟ್ಟಿದವೇ? ಎರಡು ಪೆಟ್ಟಿಗೆ ಕಾಗದ, ಒಂದಷ್ಟು ಕ್ಯಾಸೆಟ್ ಇವೆ.

ಕಡತಪ್ರಿಯ
ಮೂರೂ ಸರಿ ಇರಬಹುದು. ವಿದ್ಯಾರ್ಥಿನಿಯರು ಒಂದು ಕೋಣೆ ಹಿಡಿದು ಕೂತ ವರ್ಷ ಬೇರೆ, ವಿದ್ಯಾರ್ಥಿ ಸಂಘ ದುಡ್ಡು ಕೊಟ್ಟ ವರ್ಷ ಬೇರೆ, ಸಂಬಳದ ನಿರ್ದೇಶಕಿ ಬಂದ ವರ್ಷ ಬೇರೆ. ಪತ್ರಿಕೆ ಮೊದಲನೆಯದನ್ನು ಬರೆಯುತ್ತದೆ, ಆಡಳಿತ ಕೊನೆಯದನ್ನು. ಒಂದನ್ನೇ ಆರಿಸಬೇಡಿ, ಮೂರನ್ನೂ ಏನೆಂದು ಹೇಳಿ ಕೊಡಿ. ಖಚಿತಪಡಿಸಿಕೊಳ್ಳಲು ವಿದ್ಯಾರ್ಥಿ ಸಂಘದ ಬಜೆಟ್ ಪಟ್ಟಿ, ಟ್ರಸ್ಟಿಗಳ ಸಭೆಯ ನಡಾವಳಿ, ಆ ವರ್ಷಗಳ ಕ್ಯಾಂಪಸ್ ದೂರವಾಣಿ ಪುಸ್ತಕ ನೋಡಿ. ಕೊನೆಯದನ್ನು ಯಾರೂ ತೆರೆಯುವುದಿಲ್ಲ, ಆದರೆ ಕೋಣೆ ಸಂಖ್ಯೆ ಸಿಗುವುದು ಅಲ್ಲೇ.

ಹುಡುಕುವಾಗ ಈಗಿನ ಹೆಸರಿಗೆ ಅಂಟಿಕೊಳ್ಳಬೇಡಿ. ಹಳೆಯ ಕಡತಗಳಲ್ಲಿ ಅದೇ ಸಂಸ್ಥೆ ‘ವಿಮೆನ್ಸ್ ಲಿಬರೇಷನ್’, ‘ವಿಮೆನ್ಸ್ ರಿಸೋರ್ಸ್’, ‘ಕಂಟಿನ್ಯೂಯಿಂಗ್ ಎಜುಕೇಷನ್’ ಅಂತೆಲ್ಲ ಇರುತ್ತದೆ.

ಮರದನೆರಳು
ಟೈಟಲ್ ನೈನ್‌ಗೆ ಸಹಿ ಬಿದ್ದದ್ದು 1972ರ ಜೂನ್ 23ರಂದು. ಫೆಡರಲ್ ನೆರವು ಪಡೆಯುವ ಶಿಕ್ಷಣದಲ್ಲಿ ಲಿಂಗದ ಆಧಾರದ ತಾರತಮ್ಯ ಕೂಡದು ಎಂದಿತೇ ಹೊರತು ಕೇಂದ್ರ ತೆರೆಯಿರಿ ಎಂದು ಹೇಳಲಿಲ್ಲ. 1975ರಲ್ಲಿ ಜಾರಿಯಾದ ನಿಯಮಗಳು ಕೇಳಿದ್ದೂ ಕಾಯ್ದೆ ಪಾಲನೆಯ ಜವಾಬ್ದಾರಿ ಹೊತ್ತ ಒಬ್ಬ ನೌಕರರನ್ನು. ಆ ‘ಕೋಆರ್ಡಿನೇಟರ್’ ಅನ್ನೇ ಕೇಂದ್ರದ ಮೊದಲ ನಿರ್ದೇಶಕಿ ಎಂದು ಬರೆದುಬಿಡುವ ತಪ್ಪು ಬಹಳ ಸಾಮಾನ್ಯ.

ಬೇರು ಇನ್ನೂ ಹಿಂದಿನದು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಕೇಂದ್ರ ಶುರುವಾದದ್ದು 1960ರಲ್ಲಿ, ಓದು ಅರ್ಧಕ್ಕೆ ಬಿಟ್ಟು ಸಂಸಾರ ಹಿಡಿದ ಹೆಂಗಸರನ್ನು ಮತ್ತೆ ತರಗತಿಗೆ ಕರೆತರುವ ‘ಮಿನ್ನೆಸೋಟಾ ಪ್ಲಾನ್’ ಆಗಿ. ಮಿಷಿಗನ್ ವಿಶ್ವವಿದ್ಯಾಲಯದ್ದು 1964. ಇವು ಮೇಲಿನಿಂದ, ಅಧ್ಯಾಪಕಿಯರು ಮತ್ತು ಆಡಳಿತದವರು ಕಟ್ಟಿದವು. ಚಳವಳಿಯಿಂದ, ಕೆಳಗಿನಿಂದ ಬಂದವು 1970ರ ಆಸುಪಾಸಿನವು. ನಿಮ್ಮದು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ. ಕಾಗದ ಎಲ್ಲಿ ಸಿಗುತ್ತದೆ ಎನ್ನುವುದೂ ಅದರ ಮೇಲೇ ನಿಂತಿದೆ.

ಇನ್ನೊಂದು ಎಡವಟ್ಟು: 1971ರ ಮಾರ್ಚ್‌ನಲ್ಲಿ ಮಹಿಳೆಯರು ಹಾರ್ವರ್ಡ್‌ನ ಕಟ್ಟಡವೊಂದನ್ನು ಆಕ್ರಮಿಸಿಕೊಂಡದ್ದರಿಂದ ಹುಟ್ಟಿದ್ದು ಹಾರ್ವರ್ಡ್ ಇರುವ ಕೇಂಬ್ರಿಜ್ ಊರಿನ ಮಹಿಳಾ ಕೇಂದ್ರ. ಹಾರ್ವರ್ಡ್ ಕಾಲೇಜಿನದೇ ಕೇಂದ್ರ ಬಂದದ್ದು 2006ರಲ್ಲಿ. ಊರಿನದನ್ನು ಕ್ಯಾಂಪಸ್ಸಿನ ಲೆಕ್ಕಕ್ಕೆ ಸೇರಿಸಬೇಡಿ.

ಕಾಗದಕೀಟ
ಪೆಟ್ಟಿಗೆಯಲ್ಲಿರುವ ಕ್ರಮವನ್ನು ಕೆಡಿಸುವ ಮುನ್ನ ಪಟ್ಟಿ ಮಾಡಿ. ತಾರೀಖಿಲ್ಲದ ಕರಪತ್ರದ ಕಾಲ ಹೇಳುವುದು ಅದರ ಅಕ್ಕಪಕ್ಕದ ಹಾಳೆಗಳೇ. ತುಕ್ಕು ಹಿಡಿದ ಸ್ಟೇಪಲ್‌ನ ಕಾಲುಗಳನ್ನು ಹಿಂಬದಿಯಿಂದ ತೆಳು ಚಪ್ಪಟೆ ಉಪಕರಣದಿಂದ ಬಿಡಿಸಿ, ಎಳೆದರೆ ಹಾಳೆ ಹರಿಯುತ್ತದೆ. ಪತ್ರಿಕೆಯ ತುಣುಕುಗಳನ್ನು ಬೇರೆಯಾಗಿಡಿ, ಅವುಗಳ ಆಮ್ಲ ಪಕ್ಕದ ಹಾಳೆಯನ್ನೂ ಕಂದಿಸುತ್ತದೆ. ಫೋಟೋದ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲೇ ಸರಿ.

ಕ್ಯಾಸೆಟ್ ಹಾಕಿ ಕೇಳುವ ಆಸೆ ತಡೆದುಕೊಳ್ಳಿ. ಮೇಲಂಚಿನ ಎರಡು ಪ್ಲಾಸ್ಟಿಕ್ ನಾಲಿಗೆಗಳನ್ನು ಮೊದಲು ಮುರಿಯಿರಿ, ಅಕಸ್ಮಾತ್ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಟೇಪನ್ನು ಪ್ಲೇಯರ್‌ನ ಹೆಡ್‌ಗೆ ಒತ್ತಿಹಿಡಿಯುವ ಒಳಗಿನ ಸಣ್ಣ ಮೆತ್ತೆ ಉದುರಿದ್ದರೆ ದನಿ ಮಸುಕಾಗುತ್ತದೆ, ಅದು ಟೇಪಿನ ದೋಷವಲ್ಲ. ಒಂದೇ ಸಲಕ್ಕೆ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿ ಇಳಿಸಿಕೊಳ್ಳಿ. ಎಂಪಿತ್ರೀ ಕೇಳುವುದಕ್ಕೆ ಮಾತ್ರ.

ಹಳೆಹಾಳೆ
ಪೆಟ್ಟಿಗೆಯಲ್ಲಿ ಸಹಾಯವಾಣಿಯ ಕರೆ ಪುಸ್ತಕವೂ ಇದೆ. ಸ್ಕ್ಯಾನ್ ಮಾಡಲೇ?

ಕಡತಪ್ರಿಯ
ಬೇಡ. ಅತ್ಯಾಚಾರದ ಬಗ್ಗೆ, ಗರ್ಭಪಾತದ ಬಗ್ಗೆ ಗುಟ್ಟಾಗಿರುತ್ತದೆಂದು ನಂಬಿ ಕರೆ ಮಾಡಿದವರು ಅವರು. ಎಷ್ಟೋ ಮಂದಿ ಇನ್ನೂ ಬದುಕಿದ್ದಾರೆ. ಹೆಸರಿಲ್ಲದಿದ್ದರೂ ತಾರೀಖು, ಹಾಸ್ಟೆಲ್, ತರಗತಿ ಸೇರಿಸಿದರೆ ಗುರುತು ಹತ್ತುತ್ತದೆ. ಮುಚ್ಚಿದ ಲಕೋಟೆಯಲ್ಲಿಟ್ಟು ಕಾಲೇಜಿನ ಆರ್ಕೈವಿಸ್ಟ್ (ಹಳೆಯ ದಾಖಲೆ ನೋಡಿಕೊಳ್ಳುವವರು) ಕೈಗೆ ಕೊಡಿ. ಎಷ್ಟು ವರ್ಷ ಮುಚ್ಚಿಡಬೇಕೆಂದು ಅವರೇ ತೀರ್ಮಾನಿಸಲಿ.

ಮರದನೆರಳು
ಕೇಂದ್ರದ ವೆಬ್‌ಸೈಟನ್ನೂ ಇವತ್ತೇ ಉಳಿಸಿಕೊಳ್ಳಿ. ಅಮೆರಿಕದ ಯೂಟಾ ರಾಜ್ಯದಲ್ಲಿ 2024ರ ಜುಲೈಯಲ್ಲಿ ವೈವಿಧ್ಯ, ಸಮಾನತೆಯ ಕಾರ್ಯಕ್ರಮಗಳಿಗೆ ಕಡಿವಾಣ ಹಾಕುವ ಹೊಸ ಕಾನೂನು ಜಾರಿಯಾದಾಗ ಅಲ್ಲಿನ ವಿಶ್ವವಿದ್ಯಾಲಯದ ದಶಕಗಳ ಹಳೆಯ ಮಹಿಳಾ ಕೇಂದ್ರವೇ ಮುಚ್ಚಿತು. ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ವೆಬ್ ಪುಟ ಹಾಗಲ್ಲ.