ಪದಚರ್ಚೆ: ಅಕ್ವೇರಿಯಂ ‘ಸೈಕ್ಲಿಂಗ್’ಗೆ ಕನ್ನಡದಲ್ಲಿ ಏನನ್ನಬೇಕು? ಗುರುವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಶಾಲೆಯ ವರಾಂಡದಲ್ಲಿ ಗಿಡ ನೆಟ್ಟ ಅಕ್ವೇರಿಯಂ ಇಟ್ಟಿದ್ದೇವೆ. ಎರಡು ಅಡಿ ಉದ್ದ, ಸುಮಾರು 55 ಲೀಟರ್ ನೀರು. ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಒಂದು ಕೊರಡಿಗೆ ಕಟ್ಟಿದ, ನೋಡಲು ಪಾಚಿಯಂತಿರುವ ಜಾವಾ ಮಾಸ್ ಗಿಡ ಇವೆ. ಮೀನು ಇನ್ನೂ ಬಿಟ್ಟಿಲ್ಲ. ಇದು ಎರಡನೇ ಸಲ.

ಮೊದಲ ಸಲ 14 ಗಪ್ಪಿ ಬಿಟ್ಟಿದ್ದೆವು. ಎರಡು ತಿಂಗಳು ಚೆನ್ನಾಗಿಯೇ ಇದ್ದವು. ಒಂದು ಶನಿವಾರ ಆಯಮ್ಮ ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು, ಕಂದು ನೀರು ಹೋಗಿ ತಿಳಿನೀರು ಬರುವ ತನಕ ಹಿಂಡಿ ಹಿಂಡಿ ತೊಳೆದರು. ಕೊರಡಿನ ಮೇಲಿದ್ದ ಜಾವಾ ಮಾಸನ್ನೂ ಕೆರೆದು ತೆಗೆದರು. ಅವರದ್ದೇನೂ ತಪ್ಪಿಲ್ಲ. ನಾನೇ ಅಂಟಿಸಿದ್ದ ಚೀಟಿಯಲ್ಲಿ ‘ಫಿಲ್ಟರ್ ತೊಳೆಯಿರಿ, ಪಾಚಿ ಉಜ್ಜಿ ತೆಗೆಯಿರಿ’ ಅಂತಿತ್ತು. ಬುಧವಾರದ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಶುಕ್ರವಾರ ಮೂರು ಉಳಿದಿದ್ದವು.

ಮೀನಿನ ಹೇಲು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಸ್ಪಾಂಜಿನಲ್ಲಿ, ಮರಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ನೈಟ್ರೇಟ್ ಅಷ್ಟು ಅಪಾಯವಲ್ಲ, ಗಿಡ ಹೀರಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ತಾಗಿದರೆ ಸಾಯುತ್ತವೆ. ಹೀಗೆ ಕಾಯುವುದಕ್ಕೆ ‘ಸೈಕ್ಲಿಂಗ್’ ಅನ್ನುತ್ತಾರೆ. ‘ತೊಟ್ಟಿಯನ್ನು ಆರು ವಾರ ಸೈಕಲ್ ಮಾಡಿ’ ಅಂತ ಬರೆದು ತೋರಿಸಿದೆ, ಐದನೇ ಕ್ಲಾಸಿನ ಹುಡುಗಿಗೂ ಅರ್ಥವಾಗಲಿಲ್ಲ, ಆಯಮ್ಮನಿಗೂ ಇಲ್ಲ.

ಗೋಡೆಗೆ ಹಾಕುವ ಹಲಗೆ ಗುರುವಾರ ಪ್ರಿಂಟಿಗೆ ಹೋಗಬೇಕು. ಮೂರು ಮಾತು ಬೇಕು: ಸೈಕ್ಲಿಂಗ್‌ಗೊಂದು, ಗಾಜಿಗೆ ಕಟ್ಟುವ ಪಾಚಿಯನ್ನೂ ನಾವೇ ಬೆಳೆಸುವ ಮಾಸನ್ನೂ ಬೇರೆ ಮಾಡುವಂಥದ್ದೊಂದು, ತಲೆಬರಹಕ್ಕೊಂದು.

—

ಚಕ್ರೀಕರಣ. ಸಾರಜನಕ ಚಕ್ರ ಪಠ್ಯದಲ್ಲೇ ಇದೆ, ಮಕ್ಕಳಿಗೆ ಗೊತ್ತಿರುತ್ತದೆ. ತಲೆಬರಹಕ್ಕೆ ಮತ್ಸ್ಯಾಲಯ. ಮೀನಾಲಯ ಅಂತ ಮಾತ್ರ ಬರೆಯಬೇಡಿ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ. ಇದರಲ್ಲಿ ಚರ್ಚೆಗೇನೂ ಇಲ್ಲ.

—

> ಮೀನಾಲಯ ಅರಿಸಮಾಸ

ಅಲ್ಲ. ‘ಮೀನ’ ಸಂಸ್ಕೃತದಲ್ಲೂ ಇದೆ, ರಾಶಿಯ ಹೆಸರೇ ಅದು. ಆದರೆ ಅದು ಅಲ್ಲಿಗೆ ಹೋದದ್ದು ನಮ್ಮ ಕಡೆಯ ನುಡಿಗಳಿಂದ ಅಂತ ದ್ರಾವಿಡ ಭಾಷೆ ಓದಿದವರು ಹೇಳುತ್ತಾರೆ. ‘ನೀರ’ ಕೂಡ ಹಾಗೇ. ನಮ್ಮ ಮೀನು, ನಮ್ಮ ನೀರು ಅವರು ತಗೊಂಡಿರುವಾಗ ನಾವು ಯಾಕೆ ಮತ್ಸ್ಯ, ಜಲ ಅಂತ ಬೇಡಲು ಹೋಗಬೇಕು? ಮೀನ್ಮನೆ ಅನ್ನಿ. ಚಕ್ರೀಕರಣ ಅಂದರೆ ಆಯಮ್ಮನಿಗೆ ಏನು ತಿಳಿಯುತ್ತದೆ?

—

ಮೀನ್ಮನೆ ಯಾರೂ ಆಡದ ಮಾತು. ಕೇಳಿದವರನ್ನು ಒಬ್ಬರನ್ನು ತೋರಿಸಿ.

ಎಲ್ಲರೂ ‘ಅಕ್ವೇರಿಯಂ’ ಎಲ್ಲಿಂದ ಬಂತು ಅಂತ ನೋಡುವುದು ಬಿಟ್ಟು ಜಗಳ ಆಡುತ್ತಿದ್ದೀರಿ. ಗಾಜಿನ ಪೆಟ್ಟಿಗೆಗೆ ಈ ಹೆಸರು ಹರಡಿದ್ದು 1850ರ ದಶಕದಲ್ಲಿ, ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಬಳಸಿದ ಮೇಲೆ. ಅದಕ್ಕೂ ಮೊದಲು ಲ್ಯಾಟಿನ್ನಿನಲ್ಲಿ ಆ ಪದಕ್ಕೆ ದನ ನೀರು ಕುಡಿಯುವ ಜಾಗ ಅಂತ ಅರ್ಥ! ನಮ್ಮಲ್ಲಿ ದನ ನೀರು ಕುಡಿಯುವುದು ಎಲ್ಲಿ? ತೊಟ್ಟಿಯಲ್ಲಿ, ಇಲ್ಲವೇ ಕಲ್ಲಿನ ಬಾನಿಯಲ್ಲಿ. ಅವರು ಮಾಡಿದ್ದನ್ನೇ ನಾವೂ ಮಾಡಿದರೆ ‘ಮೀನಿನ ತೊಟ್ಟಿ’ ತಾನಾಗಿಯೇ ಬರುತ್ತದೆ. ಪ್ರಶ್ನೆ ಕೇಳಿದವರು ಗಮನಿಸಿದರೋ ಇಲ್ಲವೋ, ‘ತೊಟ್ಟಿಯನ್ನು ಆರು ವಾರ ಸೈಕಲ್ ಮಾಡಿ’ ಅಂತ ಅವರು ಬರೆದದ್ದರಲ್ಲೇ ತೊಟ್ಟಿ ಬಂದುಬಿಟ್ಟಿದೆ.

—

‘ಮೀನ್ ತೊಟ್ಟಿ’ ತಮಿಳು. ಚೆನ್ನೈಯ ಅಂಗಡಿ ಬೋರ್ಡಿನಲ್ಲಿ ಅದೇ ಇರುತ್ತದೆ. ಇಂಗ್ಲಿಷಿನಿಂದ ತರುವುದು ಬೇಡ ಅಂತ ತಮಿಳಿನಿಂದ ತರುವುದಾ? ಅದೂ ಅಲ್ಲದೆ ಬೆಂಗಳೂರಿನಲ್ಲಿ ತೊಟ್ಟಿ ಅಂದರೆ ಕಸದ ತೊಟ್ಟಿ.

—

ತೊಟ್ಟಿಮನೆ ಯಾವ ಭಾಷೆ ಸ್ವಾಮಿ? ಎರಡೂ ಕಡೆ ಇರುವ ಮಾತನ್ನು ಒಬ್ಬರಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಹಾಗೆ ಹೊರಟರೆ ಹಾಲು, ಕಣ್ಣು, ಮನೆ ಒಂದೂ ಉಳಿಯುವುದಿಲ್ಲ.

—

ನಾನು ತೀರ್ಥಹಳ್ಳಿ ಕಡೆಯವಳು. ತೊಟ್ಟಿ ಜಗಳ ನೀವೇ ಆಡಿಕೊಳ್ಳಿ, ಅವರು ಕೇಳಿದ ಮೊದಲ ಪದಕ್ಕೆ ಯಾರೂ ಬರಲೇ ಇಲ್ಲ.

‘ಪಳಗಿಸು’ ಅನ್ನಿ. ಹೊಸ ಕಬ್ಬಿಣದ ಕಾವಲಿ ತಂದ ದಿನವೇ ದೋಸೆ ಹೊಯ್ಯುವುದಿಲ್ಲ ಅಲ್ವಾ. ಗಂಜಿ ಹಾಕಿಡುತ್ತೇವೆ, ಎಣ್ಣೆ ಸವರುತ್ತೇವೆ, ಅರ್ಧ ಈರುಳ್ಳಿಯಲ್ಲಿ ಉಜ್ಜುತ್ತೇವೆ. ದಿನಾ ಇಷ್ಟು ಮಾಡುತ್ತಾ ಬಂದರೆ ಒಂದು ದಿನ ದೋಸೆ ತಾನಾಗಿಯೇ ಎದ್ದು ಬರುತ್ತದೆ. ಆಗ ಕಾವಲಿ ಪಳಗಿತು. ಪಳಗಿದ ಕಾವಲಿಗೆ ಸೋಪು ಹಾಕಿ ತಿಕ್ಕಿದರೆ ಮತ್ತೆ ಮೊದಲಿಂದ. ನಿಮ್ಮ ಸ್ಪಾಂಜಿಗೆ ಆದದ್ದೂ ಇದೇ. ಪಳಗು, ಪಳಗಿಸು, ಪಳಗಿದ, ಪಳಗದ, ಎಲ್ಲ ರೂಪವೂ ಸಿಗುತ್ತವೆ. ಚಕ್ರೀಕರಣದಿಂದ ‘ಪಳಗದ ನೀರಿಗೆ ಮೀನು ಬಿಡಬೇಡಿ’ ಅನ್ನುವಷ್ಟು ಚಿಕ್ಕ ವಾಕ್ಯ ಮಾಡಿ ನೋಡೋಣ.

ಇನ್ನೊಂದು. ಹಳೆಯ ತೊಟ್ಟಿಯ ಸ್ಪಾಂಜಿನ ತುಂಡನ್ನು ಹೊಸ ಫಿಲ್ಟರಿಗೆ ಹಾಕಿದರೆ ಬೇಗ ಆಗುತ್ತದೆ ಅಂತ ನನ್ನ ಮಗ ಮಾಡುತ್ತಾನೆ. ಅದಕ್ಕೆ ನಮ್ಮ ಮನೆಯಲ್ಲಿ ‘ಹೆಪ್ಪು ಹಾಕುವುದು’ ಅಂತಲೇ ಹೇಳುತ್ತೇವೆ. ಹಾಲಿಗೆ ಮಜ್ಜಿಗೆ ಹಾಕಿದ ಹಾಗೆ.

—

ಪಳಗಿಸುವುದು ಆನೆಯನ್ನು. ಮೀನನ್ನು ಪಳಗಿಸುತ್ತಾರೆ ಅಂತ ಓದಿಕೊಳ್ಳುತ್ತಾರೆ. ‘ಹದ ಮಾಡು’ ಸಾಕಿತ್ತು.

—

ಹದವಾದ ನೀರು ಅಂದರೆ ಸ್ನಾನದ ನೀರು. ಬಿಸಿ ಮಾಡಿಬಿಟ್ಟಾರು.

—

ಎಲ್ಲರಿಗೂ ಧನ್ಯವಾದ. ತೀರ್ಥಹಳ್ಳಿ ಅಕ್ಕ, ‘ಪಳಗಿಸು’ ತಗೊಂಡೆ. ಆಯಮ್ಮನಿಗೆ ಫೋನಿನಲ್ಲಿ ಕಾವಲಿಯ ಮಾತು ಹೇಳಿದೆ. “ಅಯ್ಯೋ, ಮೊದಲೇ ಹೀಗೆ ಹೇಳಬಾರದಿತ್ತಾ” ಅಂದರು. ಆನೆಯ ಆಕ್ಷೇಪಕ್ಕಾಗಿ ಕರ್ಮಪದ ಬಿಡದೆ ‘ನೀರು ಪಳಗಿಸಿ’ ಅಂತಲೇ ಬರೆದಿದ್ದೇನೆ. ಹೆಪ್ಪು ಕೂಡ ಸೇರಿಸಿದೆ. ಮಾಸಿಗೆ ‘ಹಾವಸೆ’ ಇಡಬಹುದಾ ಅಂತ ನೋಡಿದೆ, ಆದರೆ ನಮ್ಮ ಕಡೆ ಪಾಚಿ, ಹಾವಸೆ ಎರಡೂ ಮೆಟ್ಟಿಲ ಮೇಲೆ ಜಾರುವುದೇ. ಅದಕ್ಕೆ ಹೊಸ ಪದದ ಗೊಡವೆ ಬಿಟ್ಟು ಜಾಗ ಹೇಳಿದ್ದೇನೆ.

ಮೀನಿನ ತೊಟ್ಟಿ
ಮೊದಲು ನೀರು ಪಳಗಿಸಿ. ಆರು ವಾರ ಕಾಯಿರಿ. ಪಳಗದ ನೀರಿಗೆ ಮೀನು ಬಿಡಬೇಡಿ.
ಹಳೆಯ ತೊಟ್ಟಿಯ ಸ್ಪಾಂಜ್ ಸಿಕ್ಕರೆ ಹೆಪ್ಪು ಹಾಕಿ.
ಫಿಲ್ಟರಿನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಮೆಲ್ಲಗೆ ಹಿಂಡಿ.
ಗಾಜಿನ ಮೇಲಿನ ಪಾಚಿ ಉಜ್ಜಿ. ಕೊರಡಿನ ಮೇಲಿರುವುದು ಗಿಡ, ಮುಟ್ಟಬೇಡಿ.
ಜಾವಾ ಫರ್ನಿನ ಗೆಡ್ಡೆ ಹೂಳಬೇಡಿ, ಕೊಳೆಯುತ್ತದೆ.
ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರಿಗೆ ಮೊದಲೇ ಕ್ಲೋರಿನ್ ಕಳೆಯುವ ಔಷಧಿ ಹಾಕಿ.
ಲೈಟು ದಿನಕ್ಕೆ ಏಳು ಗಂಟೆ ಸಾಕು.

—

ಫಿಲ್ಟರ್, ಸ್ಪಾಂಜ್, ಲೈಟು ಹಾಗೇ ಉಳಿದಿವೆ. ‘ಸೋಸುಕ’ ಅನ್ನಬಹುದಿತ್ತು.

—

ಅಂಗಡಿಗೆ ಹೋಗಿ ಸೋಸುಕ ಕೊಡಿ ಅಂದರೆ ಟೀ ಸೋಸುವುದು ಕೊಡುತ್ತಾರೆ ಸರ್. ಫಿಲ್ಟರ್ ಇರಲಿ. ಹಲಗೆ ಪ್ರಿಂಟಿಗೆ ಹೋಯಿತು.